ಹಳಿಯ ಮೇಲಿನ ಹಿಮ: ಅಲಗೋ, ಬ್ರಷ್ಷೋ, ಹೀಟರೋ?
ನಗರ ರೈಲಿನ ಹಳಿಯಿಂದ ಹಿಮ ತೆಗೆಯಲು ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಹಿಮ ಎಂಥದ್ದು, ಹಳಿ ಎಂಥದ್ದು ಎನ್ನುವುದರ ಮೇಲೆ ಹೋಗುತ್ತದೆ.

ಖರ್ಚಿನಲ್ಲಿ ಅಲಗೇ ಅಗ್ಗ: ಎಂಜಿನ್ ಮುಂದೆ ಓರೆಯಾಗಿ ಕೂರಿಸಿದ ಉಕ್ಕಿನ ತಗಡು, ಅಷ್ಟೇ. ಒದ್ದೆಯಾಗಿ ಭಾರವಾದ ಹಿಮವನ್ನೂ ಪಕ್ಕಕ್ಕೆ ತಳ್ಳುತ್ತದೆ. ಆದರೆ ತಳ್ಳಿದ್ದು ಬೀಳಲು ಜಾಗ ಬೇಕಲ್ಲ! ಗೋಡೆಗಳ ನಡುವಿನ ತಗ್ಗು ಮಾರ್ಗದಲ್ಲಿ ಅದು ಪಕ್ಕದ ಹಳಿಗೇ ಹೋಗಿ ಕೂರುತ್ತದೆ. ಅಂಥಲ್ಲಿ ದುಬಾರಿಯಾದರೂ ಹಿಮವನ್ನು ಮೊಗೆದು ದೂರ ಎಸೆಯುವ ಬ್ಲೋವರ್ ವಾಸಿ.

ತಿರುಗುವ ಬ್ರಷ್ ಪುಡಿ ಹಿಮಕ್ಕೆ, ಅದರಲ್ಲೂ ರಸ್ತೆಯಲ್ಲಿ ಹುದುಗಿದ ಟ್ರಾಮ್ ಹಳಿಗೆ ಹೇಳಿ ಮಾಡಿಸಿದ್ದು. ಎಳೆಗಳು ಸವೆಯುತ್ತವೆ, ಬದಲಿಸುತ್ತಿರಬೇಕು. ಗಟ್ಟಿ ಮಂಜುಗಡ್ಡೆಯ ಮುಂದೆ ಅದರ ಆಟ ನಡೆಯದು.

ನನ್ನನ್ನು ಕೇಳಿದರೆ, ನಿಜವಾದ ತಲೆನೋವು ಹಳಿ ಕವಲೊಡೆಯುವ ಪಾಯಿಂಟ್‌ಗಳದ್ದು. ಸರಿಯುವ ಹಳಿಗೂ ಸ್ಥಿರ ಹಳಿಗೂ ನಡುವೆ ಒಂದು ಹೆಂಟೆ ಮಂಜು ಸಿಕ್ಕಿಕೊಂಡರೂ ಎರಡೂ ಪೂರ್ತಿ ಕೂಡುವುದಿಲ್ಲ. ಸಿಗ್ನಲ್ ಬಿಡುವುದಿಲ್ಲ, ಹಿಂದೆ ರೈಲುಗಳ ಸಾಲು. ಇಲ್ಲಿ ಹಳಿಗೆ ಬಿಗಿದ ವಿದ್ಯುತ್ ಹೀಟರೇ ಬೇಕು. ಕರೆಂಟ್ ಬಿಲ್ ಏರುತ್ತದೆ, ನಿಜ. ಸೆನ್ಸರ್ ಇದ್ದರೆ ಹೀಟರ್ ಬೇಕಾದಾಗ ಮಾತ್ರ ಬಿಸಿಯಾಗುತ್ತದೆ. ಕರಗಿದ ನೀರಿಗೆ ದಾರಿ ಮಾಡಿಡಿ, ಇಲ್ಲವಾದರೆ ಅದೇ ಮತ್ತೆ ಹೆಪ್ಪುಗಟ್ಟುತ್ತದೆ. ಇಡೀ ಮಾರ್ಗಕ್ಕೆ ಹೀಟರ್ ಹಾಕುವ ಯೋಚನೆ ಮಾತ್ರ ಬೇಡ.

ತೆಳ್ಳಗೆ ಉದುರುವ ಹಿಮಕ್ಕಾದರೆ, ರಾತ್ರಿಯಿಡೀ ಖಾಲಿ ರೈಲು ಓಡಿಸುತ್ತಿದ್ದರೂ ಎಷ್ಟೋ ಸಲ ಸಾಕಾಗುತ್ತದೆ.