ವಿನ್ಯಾಸಕ್ಕೆ ಮೆಚ್ಚುಗೆ, ಸಿಮ್ಯುಲೇಶನ್‌ಗೆ ಆಕ್ಷೇಪ: ಒಂದು ಕ್ಯಾಡ್-ಕ್ಯಾಮ್ ತಂತ್ರಾಂಶದ ಬಳಕೆಯ ಅನುಭವ

ಪೀಣ್ಯದ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ ಮೂರು ಅಕ್ಷದ ವಿಎಂಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ) ಯಂತ್ರಕ್ಕಾಗಿ ಎರಡು ವರ್ಷಗಳಿಂದ ಒಂದೇ ಕ್ಯಾಡ್-ಕ್ಯಾಮ್ (ಭಾಗದ ವಿನ್ಯಾಸ ಮಾಡಿ, ಅದನ್ನು ಕತ್ತರಿಸುವ ಪ್ರೋಗ್ರಾಮ್ ತಯಾರಿಸುವ) ತಂತ್ರಾಂಶವನ್ನು ಬಳಸುತ್ತಿದ್ದೇವೆ. ವಿನ್ಯಾಸದ ಭಾಗದಲ್ಲಿ ದೂರುಗಳಿಲ್ಲ. ಸ್ಕೆಚ್‌ನಲ್ಲಿ ಅಳತೆ ಬದಲಿಸಿದರೆ ಮಾದರಿ ತಾನಾಗಿ ಬದಲಾಗುತ್ತದೆ. ಒರಟು ಕಟಿಂಗ್‌ನಲ್ಲಿ ಕಟರ್ ಮೇಲಿನ ಹೊರೆಯನ್ನು ಸಮನಾಗಿ ಇರಿಸುವ ಅಡಾಪ್ಟಿವ್ ವಿಧಾನವನ್ನು ಅಳವಡಿಸಿಕೊಂಡ ಮೇಲೆ, 10 ಮಿ.ಮೀ. ಎಂಡ್‌ಮಿಲ್ ಕಟರ್‌ಗಳು ಮೂಲೆಗಳಲ್ಲಿ ಮುರಿಯುವುದು ಬಹುತೇಕ ನಿಂತಿದೆ.

ತೊಂದರೆ ಇರುವುದು, ಕಟಿಂಗ್ ಹೇಗೆ ನಡೆಯುತ್ತದೆಂದು ಪರದೆಯಲ್ಲಿ ಮೊದಲೇ ತೋರಿಸುವ ಸಿಮ್ಯುಲೇಶನ್‌ನಲ್ಲಿ. ಕತ್ತರಿಸದೆ ವೇಗವಾಗಿ ಸ್ಥಳ ಬದಲಿಸುವ ಜಿ00 ಆದೇಶ ಬಂದಾಗ ಅನೇಕ ಯಂತ್ರಗಳಲ್ಲಿ ಪ್ರತಿ ಅಕ್ಷವೂ ತನ್ನ ಪೂರ್ಣ ವೇಗದಲ್ಲಿ ಚಲಿಸುತ್ತದೆ. ಕಡಿಮೆ ದೂರ ಸಾಗಬೇಕಾದ ಅಕ್ಷ ಮೊದಲೇ ತಲುಪಿ ನಿಲ್ಲುವುದರಿಂದ ಕಟರ್‌ನ ದಾರಿ ನೇರವಾಗಿರದೆ ನಡುವೆ ತಿರುಗುತ್ತದೆ. ಪರದೆಯಲ್ಲಿ ಮಾತ್ರ ಅದು ಸರಳರೇಖೆಯಾಗಿಯೇ ಕಾಣುತ್ತದೆ. ಕಳೆದ ತಿಂಗಳು ಅಲ್ಯೂಮಿನಿಯಂ ಬ್ಲಾಕ್ ಒಂದರ ಕೆಲಸದಲ್ಲಿ, ಪರದೆಯಲ್ಲಿ, ಬ್ಲಾಕನ್ನು ಹಿಡಿದಿಡುವ ಕ್ಲ್ಯಾಂಪಿನಿಂದ ಸಾಕಷ್ಟು ದೂರವೇ ಹಾದುಹೋಗಿದ್ದ ಕಟರ್, ಯಂತ್ರದಲ್ಲಿ ಅದೇ ಕ್ಲ್ಯಾಂಪಿನ ಬೋಲ್ಟಿಗೆ ಬಡಿದು ಮುರಿಯಿತು. ಆಪರೇಟರ್‌ ಕೈ ಎಮರ್ಜೆನ್ಸಿ ಬಟನ್ ಮೇಲೆಯೇ ಇದ್ದುದರಿಂದ ಕಟರನ್ನು ತಿರುಗಿಸುವ ಸ್ಪಿಂಡಲ್ ಉಳಿಯಿತು.

ಪೋಸ್ಟ್ ಪ್ರೊಸೆಸರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಭಾಗ) ಕೊಟ್ಟ ಜಿ-ಕೋಡನ್ನೇ (ಯಂತ್ರ ಓದುವ ಆದೇಶಗಳನ್ನೇ) ಓದಿ, ಕ್ಲ್ಯಾಂಪ್, ವೈಸ್, ಟೂಲ್ ಹೋಲ್ಡರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಿಮ್ಯುಲೇಶನ್ ನಡೆಯಬೇಕೆಂಬುದು ತಯಾರಕರಲ್ಲಿ ನನ್ನ ಮೊದಲ ಕೋರಿಕೆ. ಇದು ಕೆಲಸಗಾರರ ಸುರಕ್ಷತೆಯ ವಿಷಯವಾದ್ದರಿಂದ ದುಬಾರಿ ಆವೃತ್ತಿಗೆ ಮಾತ್ರ ಮೀಸಲಿಡುವುದು ನ್ಯಾಯವಲ್ಲ. ಎಚ್ಚರಿಕೆಯ ಸಂದೇಶಗಳು ಕನ್ನಡದಲ್ಲೂ ಇದ್ದರೆ ನಮ್ಮ ಆಪರೇಟರ್‌ಗಳಿಗೆ ದೊಡ್ಡ ಉಪಕಾರವಾಗುತ್ತದೆ. ಸದ್ಯಕ್ಕೆ ಪ್ರತಿ ಹೊಸ ಪ್ರೋಗ್ರಾಮನ್ನೂ ಕತ್ತರಿಸಬೇಕಾದ ಜಾಬ್‌ಗಿಂತ 50 ಮಿ.ಮೀ. ಮೇಲೆ, ಒಂದೊಂದೇ ಆದೇಶಕ್ಕೆ ನಿಲ್ಲಿಸುವ ಸಿಂಗಲ್ ಬ್ಲಾಕ್‌ನಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲೆಯೇ ಕಟಿಂಗ್ ಆರಂಭಿಸುತ್ತಿದ್ದೇವೆ.