ನಾಗಬನ: ಹಾಗೇ ಬಿಡೋದಾ, ಕಟ್ಟೆ ಕಟ್ಟೋದಾ?

ಉಡುಪಿಯ ಗೆಳೆಯರೊಬ್ಬರು ಕೇಳಿದ್ದಾರೆ: ಕುಟುಂಬದ ನಾಗಬನದ (ನಾಗನ ಕಲ್ಲು ಇರುವ ಮರಗಳ ತೋಪು) ಜೀರ್ಣೋದ್ಧಾರ ಆಗಬೇಕು. ನೆಲಕ್ಕೆಲ್ಲ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕುವುದೇ, ನಾಗನ ಕಲ್ಲಿಗಷ್ಟೇ ಮುರಕಲ್ಲಿನ (ಜಂಬಿಟ್ಟಿಗೆ) ಸಣ್ಣ ಕಟ್ಟೆಯೇ, ಅಥವಾ ಏನನ್ನೂ ಮುಟ್ಟದೆ ಬಿಡುವುದೇ?

ಖರ್ಚು ಹೇಗೆಂದು ನಿಮಗೇ ಗೊತ್ತು. ಬಿಟ್ಟರೆ ಏನೂ ಇಲ್ಲ, ಕಟ್ಟೆಗೆ ಸ್ವಲ್ಪ, ಇಂಟರ್‌ಲಾಕ್‌ಗೆ ಜಾಸ್ತಿ.

ಅನುಕೂಲದಲ್ಲಿ ಇಂಟರ್‌ಲಾಕ್ ಮುಂದೆ, ಒಪ್ಪಲೇಬೇಕು. ನಾಗರಪಂಚಮಿ ಬರುವುದೇ ಮಳೆಗಾಲದಲ್ಲಿ. ತನು (ನಾಗನಿಗೆ ಹಾಲು, ಸೀಯಾಳ) ಎರೆಯಲು ಬರುವ ಅಜ್ಜಿಯಂದಿರು ಪಾಚಿಯಲ್ಲಿ ಜಾರಬಾರದು. ಆದರೆ ಅದಕ್ಕೆ ನಡೆಯುವ ದಾರಿಗೆ ಮಾತ್ರ ಕಲ್ಲು ಹಾಸಿದರೆ ಸಾಕಲ್ವಾ?

ನಿಜವಾದ ವ್ಯತ್ಯಾಸ ಕಾಣುವುದು ಜೀವಿಗಳ ವಿಷಯದಲ್ಲಿ. ಸುರಗಿ, ಹೊನ್ನೆ, ರೆಂಜೆ, ಬೈನೆ ಮರಗಳಿರುವ ಬನದಲ್ಲಿ ತರಗೆಲೆ ಕೊಳೆತು ಮಣ್ಣು ಮೆತ್ತಗಿರುತ್ತದೆ. ಮಳೆನೀರು ಅಲ್ಲೇ ಇಂಗುತ್ತದೆ. ಕಪ್ಪೆ, ಹಕ್ಕಿ, ಹಾವು ಎಲ್ಲಕ್ಕೂ ನೆಲೆ ಇರುತ್ತದೆ. ಬುಡದವರೆಗೆ ಸಿಮೆಂಟ್ ಬಂದರೆ ಬೇರಿಗೆ ನೀರು, ಗಾಳಿ ಸರಿಯಾಗಿ ಸಿಗುವುದಿಲ್ಲ. ನೀರು ಸುಮ್ನೆ ಚರಂಡಿಗೆ ಹೋಗುತ್ತದೆ. ನಾಗನ ಹೆಸರಿನ ಜಾಗದಲ್ಲಿ ಹಾವಿಗೇ ಜಾಗವಿಲ್ಲ ಅಂದರೆ ನನಗಂತೂ ವಿಚಿತ್ರ ಅನ್ನಿಸುತ್ತದೆ.

ಬನ ದೊಡ್ಡದಿದ್ದು ಮನೆಯಿಂದ ದೂರವಿದ್ದರೆ ಮುಟ್ಟಬೇಡಿ. ಮಂಗಳೂರು ಪೇಟೆಯ ಹಾಗೆ ಮನೆಗಳ ನಡುವೆ ಸಿಕ್ಕಿಕೊಂಡಿದ್ದು, ಮಕ್ಕಳು ಓಡಾಡುವ ಕಡೆಯಾದರೆ ಸಣ್ಣ ಕಟ್ಟೆ, ಸುತ್ತ ಬೇಲಿ, ಮರಗಳು ಇದ್ದಲ್ಲೇ ಇರಲಿ. ಮರಗಳು ಆಗಲೇ ಹೋಗಿದ್ದರೆ ಕಟ್ಟೆಯ ಜೊತೆ ಸುರಗಿ, ಹೊನ್ನೆಯಂಥ ಬನದ ಮರಗಳ ಸಸಿ ನೆಡಿ. ಪೂಜೆಗೆ ತುಂಬಾ ಜನ ಸೇರುವ ಕುಟುಂಬವಾದರೆ ಇಂಟರ್‌ಲಾಕ್ ಕೂಡ ಸರಿಯೇ, ಬನದ ಹೊರಗೆ, ಊಟಕ್ಕೆ ಕೂರುವ ಜಾಗಕ್ಕೆ.