ಕನ್ನಡದ ಪುಟ್ಟ ಕೋರ್ಸಿಗೆ ಯುಡೆಮಿ: ಕಲಿಸುವವರ ಕಡೆಯಿಂದ ಒಂದು ವಿಮರ್ಶೆ

ಒಂದೇ ಕೆಲಸವನ್ನು ಚೊಕ್ಕವಾಗಿ ಕಲಿಸುವ, ಒಂದು ಸಂಜೆಯಲ್ಲಿ ನೋಡಿ ಮುಗಿಸಬಹುದಾದ ಕೋರ್ಸನ್ನು ಕನ್ನಡದಲ್ಲಿ ಮಾಡಿ ಮಾರಬೇಕೆಂದು ಹೊರಟವರ ಕಿವಿಗೆ ಮೊದಲು ಬೀಳುವ ಹೆಸರು ಯುಡೆಮಿ. ವಿಡಿಯೊ ಕೋರ್ಸುಗಳನ್ನು ಮಾರುವ, 2010ರಲ್ಲಿ ಆರಂಭವಾದ ಈ ಜಾಲತಾಣವನ್ನು ಕಲಿಯುವವರ ದೃಷ್ಟಿಯಿಂದ ಅಳೆದವರು ಬಹಳ ಮಂದಿ ಇದ್ದಾರೆ. ನಾನು ಇಲ್ಲಿ ಬರೆಯುತ್ತಿರುವುದು ಕಲಿಸುವವರಿಗಾಗಿ, ಅದರಲ್ಲೂ ಸಣ್ಣ ಕೋರ್ಸ್ ಮಾಡುವವರಿಗಾಗಿ. ಕಿರಾಣಿ ಅಂಗಡಿಯವರು ತಮ್ಮ ದಾಸ್ತಾನು ಮತ್ತು ಉದ್ರಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಮುಕ್ಕಾಲು ಗಂಟೆಯಲ್ಲಿ ತಿಳಿಸುವ ನನ್ನ ಕೋರ್ಸನ್ನು ಮುಂದಿಟ್ಟುಕೊಂಡು ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟು: ಕೋರ್ಸ್ ಕಟ್ಟುವುದಕ್ಕೆ ಯುಡೆಮಿ ಒಳ್ಳೆಯ ಜಾಗ, ಆದರೆ ಕೊಳ್ಳುವವರನ್ನು ನಾವೇ ಕರೆತಂದರೆ ಮಾತ್ರ ಸಣ್ಣ ಕೋರ್ಸಿನ ಶ್ರಮಕ್ಕೆ ಅಲ್ಲಿ ತಕ್ಕ ಪ್ರತಿಫಲವಿದೆ.

ಕಟ್ಟುವ ಮಾತನ್ನು ಮೊದಲು ಹೇಳುತ್ತೇನೆ. ಕನಿಷ್ಠ 30 ನಿಮಿಷದ ವಿಡಿಯೊ ಮತ್ತು ಕನಿಷ್ಠ 5 ಪಾಠಗಳಿದ್ದರೆ ಯುಡೆಮಿ ಅದನ್ನು ಕೋರ್ಸ್ ಎಂದು ಒಪ್ಪುತ್ತದೆ. ಹತ್ತು ಗಂಟೆ ತುಂಬಿಸಬೇಕೆಂಬ ಒತ್ತಾಯವಿಲ್ಲ. ಗುಣಮಟ್ಟದ ಪರಿಶೀಲನೆ ಮಾತ್ರ ಬಿಗಿಯಾಗಿದೆ, ಮತ್ತು ಅದು ಹಾಗಿರುವುದೇ ಸರಿ. ಚಿತ್ರದ ಸ್ಪಷ್ಟತೆ 720ಪಿ ಅಥವಾ ಅದಕ್ಕಿಂತ ಮೇಲಿನದಾಗಿರಬೇಕು, ಧ್ವನಿ ಎಡ ಬಲ ಎರಡೂ ಕಡೆಯಿಂದ ಕೇಳಿಸಬೇಕು. ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುವಾಗ ಕೆಲವು ಮೈಕ್‌ಗಳ ಧ್ವನಿ ಒಂದೇ ಕಿವಿಯಲ್ಲಿ ಬರುತ್ತದೆ. ಅದರ ‘ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್’ನಲ್ಲಿ ‘ಮೋನೊ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಎರಡೂ ಕಡೆ ಸಮನಾಗುತ್ತದೆ. ಅಂಗಡಿಯವರು ಪಾಠ ನೋಡುವುದು ಬಹುಪಾಲು ಮೊಬೈಲಿನಲ್ಲಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಆದ್ದರಿಂದ ಕಂಟ್ರೋಲ್ ಮತ್ತು ಎಫ್1 ಒಟ್ಟಿಗೆ ಒತ್ತಿ ಎಕ್ಸೆಲ್‌ನ ಮೇಲಿನ ಪಟ್ಟಿಯನ್ನು ಮಡಚಿ, ಹಾಳೆಯನ್ನು ದೊಡ್ಡದು ಮಾಡಿ, ‘ತೊಗರಿ ಬೇಳೆ’, ‘ರವೆ’, ‘ಬೆಲ್ಲ’ ಎಂಬ ಸಾಲುಗಳು ಅಂಗೈಯಗಲದ ಪರದೆಯಲ್ಲೂ ಓದಲು ಬರುವಂತೆ ರೆಕಾರ್ಡ್ ಮಾಡುವುದು ಅಗತ್ಯ. ಇಂಥದ್ದನ್ನು ಯಾವ ಪರಿಶೀಲಕರೂ ನಮ್ಮ ಪರವಾಗಿ ನೋಡಿಕೊಳ್ಳುವುದಿಲ್ಲ. ಕನ್ನಡ ಸಬ್‌ಟೈಟಲ್ ಬೇಕೆಂದರೆ ನಾವೇ ಬರೆದು ಫೈಲ್ ಸೇರಿಸಬಹುದು. ಅಂಗಡಿಯ ಗದ್ದಲದಲ್ಲಿ ಕುಳಿತು ನೋಡುವವರಿಗೆ ಅದರಿಂದ ಎಷ್ಟು ಅನುಕೂಲವೆಂಬುದನ್ನು ನೋಡಿದ ಮೇಲೆ ಆ ಶ್ರಮ ಬೇಡವೆಂದು ನಾನು ಯಾರಿಗೂ ಹೇಳಲಾರೆ.

ಇನ್ನು ಹಣದ ವಿಷಯ. ನಮ್ಮ ಕೂಪನ್ ಅಥವಾ ನಮ್ಮ ಲಿಂಕ್ ಮೂಲಕ ಬಂದು ಕೊಂಡವರ ಹಣದಲ್ಲಿ, ತೆರಿಗೆ ಮುಂತಾದವು ಕಳೆದು ಉಳಿದದ್ದರ 97 ಪ್ರತಿಶತ ಬೋಧಕರಿಗೆ ಸೇರುತ್ತದೆ. ಯುಡೆಮಿಯಲ್ಲೇ ಹುಡುಕಿ ಬಂದು ಕೊಂಡರೆ ಅದು 37 ಪ್ರತಿಶತಕ್ಕೆ ಇಳಿಯುತ್ತದೆ. ಉಳಿದ ಹಣ 400 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯ ದಾರಿಯಲ್ಲಿ 388 ರೂಪಾಯಿ, ಎರಡನೆಯದರಲ್ಲಿ 148 ರೂಪಾಯಿ. ಮೊಬೈಲ್ ಆ್ಯಪ್ ಒಳಗೆ ಕೊಂಡರೆ ಆ್ಯಪ್ ಸ್ಟೋರಿನ ಶುಲ್ಕವೂ ಮೊದಲೇ ಕಳೆಯುವುದರಿಂದ, ಪರಿಚಿತರಿಗೆ ಲಿಂಕ್ ಕಳಿಸುವಾಗ ಬ್ರೌಸರ್‌ನಲ್ಲಿ ತೆರೆದು ಕೊಳ್ಳಿ ಎಂದು ಒಂದು ಸಾಲು ಸೇರಿಸುವುದು ಒಳ್ಳೆಯದು. ಗ್ರಾಹಕರನ್ನು ಹುಡುಕಿ ತಂದದ್ದಕ್ಕೆ ಯುಡೆಮಿ ಹೆಚ್ಚು ಪಾಲು ಕೇಳುವುದು ವ್ಯಾಪಾರದ ನ್ಯಾಯವೇ ಸರಿ. ಆದರೆ ಎಕ್ಸೆಲ್ ಎಂದು ಹುಡುಕಿದವರ ಎದುರು ಮೊದಲು ಸಾಲುಗಟ್ಟುವುದು ಸಾವಿರಾರು ವಿಮರ್ಶೆಗಳಿರುವ ಇಂಗ್ಲಿಷ್ ಕೋರ್ಸುಗಳು. ಉದ್ರಿ ಲೆಕ್ಕದ ಕನ್ನಡ ಕೋರ್ಸನ್ನು ಆ ತಾಣ ತಾನಾಗಿ ಯಾರ ಮುಂದಾದರೂ ಇಡುತ್ತದೆಂದು ನಂಬಿ ಕೂರುವಂತಿಲ್ಲ.

ನನಗೆ ನಿಜವಾಗಿ ಬೇಸರ ತಂದದ್ದು, ಒಂದೊಂದೇ ಕೋರ್ಸ್ ಕೊಳ್ಳದೆ ಚಂದಾ ಕಟ್ಟಿ ಹಲವು ಕೋರ್ಸುಗಳನ್ನು ನೋಡುವ ಚಂದಾ ಯೋಜನೆಯ ಲೆಕ್ಕಾಚಾರ. ಚಂದಾದಾರರಿಂದ ಬಂದ ಹಣದಲ್ಲಿ ಬೋಧಕರೆಲ್ಲರಿಗೂ ಸೇರಿ ಮೀಸಲಾದ ಪಾಲು 25 ಪ್ರತಿಶತ ಇದ್ದದ್ದು 2024ರಲ್ಲಿ 20ಕ್ಕೆ, 2025ರಲ್ಲಿ 17.5ಕ್ಕೆ ಇಳಿಯಿತು, 2026ಕ್ಕೆ ನಿಗದಿಯಾದದ್ದು 15. ಆ ಪಾಲನ್ನು ಹಂಚುವುದು ಎಷ್ಟು ನಿಮಿಷ ನೋಡಿದರು ಎಂಬುದರ ಮೇಲೆ. ಕಲಿಯುವವರ ಸಮಯಕ್ಕೆ ಬೆಲೆ ಕೊಟ್ಟು, ಬೇಡದ ಮಾತನ್ನೆಲ್ಲ ಕತ್ತರಿಸಿ ಮುಕ್ಕಾಲು ಗಂಟೆಗೆ ಇಳಿಸಿದ ಪಾಠಕ್ಕೆ, ಅದೇ ವಿಷಯವನ್ನು ಆರು ಗಂಟೆ ಎಳೆದ ಪಾಠಕ್ಕಿಂತ ಕಡಿಮೆ ಹಣ ಸಿಗುವ ಈ ಪದ್ಧತಿ ಸಣ್ಣ ಕೋರ್ಸಿನ ಮೂಲ ಉದ್ದೇಶಕ್ಕೇ ವಿರುದ್ಧವಾಗಿದೆ. ಪುನಃ ಪುನಃ ನೋಡಬೇಕಾಗುವ ವಿಷಯವಾದರೆ, ಉದಾಹರಣೆಗೆ ಸಂಗೀತದ ಅಭ್ಯಾಸ ಪಾಠವಾದರೆ, ನಿಮಿಷಗಳು ಸೇರಿಯಾವು. ಒಮ್ಮೆ ಕಲಿತು ಅಂಗಡಿಗೆ ಮರಳುವವರ ಪಾಠಕ್ಕೆ ಆ ಆಸೆ ಇಲ್ಲ.

ಕಲಿಯುವವರೊಡನೆ ಸಂಬಂಧ ಉಳಿಸಿಕೊಳ್ಳುವುದಕ್ಕೂ ಮಿತಿಗಳಿವೆ. ಅವರ ಇಮೇಲ್ ವಿಳಾಸ ನಮಗೆ ಸಿಗುವುದಿಲ್ಲ, ಪ್ರಚಾರದ ಸಂದೇಶವನ್ನು ತಿಂಗಳಿಗೆ ಎರಡೇ ಬಾರಿ ಕಳಿಸಬಹುದು, ನಮ್ಮ ಬೇರೆ ಕೆಲಸದ ಪ್ರಚಾರವೇನಿದ್ದರೂ ಕಡೆಯ ಬೋನಸ್ ಪಾಠದಲ್ಲಿ ಮಾತ್ರ. ಆದರೆ ಪ್ರಶ್ನೋತ್ತರ ವಿಭಾಗ ಚೆನ್ನಾಗಿದೆ: ಪಾಠದ ಕೆಳಗೇ ಪ್ರಶ್ನೆ ಬರುತ್ತದೆ, ಕನ್ನಡದಲ್ಲೇ ಉತ್ತರಿಸಬಹುದು. ಹಿಂದಿನ ತಿಂಗಳ ಬಾಕಿಯನ್ನು ಈ ತಿಂಗಳ ಹಾಳೆಗೆ ತರುವುದು ಹೇಗೆ ಎಂಬ ಪ್ರಶ್ನೆಯಿಂದಲೇ ನನ್ನ ಕೋರ್ಸಿಗೆ ಹೊಸದೊಂದು ಪಾಠ ಸೇರಿತು, ಮತ್ತು ಮೊದಲೇ ಕೊಂಡಿದ್ದವರಿಗೂ ಅದು ಹೆಚ್ಚಿನ ಹಣವಿಲ್ಲದೆ ದೊರೆಯಿತು.

ಕೊಂಡವರು 30 ದಿನಗಳೊಳಗೆ ಹಣ ವಾಪಸು ಕೇಳಬಹುದಾದ್ದರಿಂದ ಮಾರಾಟದ ದುಡ್ಡು ಕೈಗೆ ಬರಲು ತಡವಾಗುತ್ತದೆ. ಯುಡೆಮಿ ಅಮೆರಿಕದ ಕಂಪನಿಯಾದ್ದರಿಂದ ಅಲ್ಲಿನ ತೆರಿಗೆ ನಮೂನೆಯನ್ನೂ ತುಂಬಬೇಕು, ಅಲ್ಲಿರುವ ಕನ್ನಡಿಗರು ಕೊಂಡರೆ ಆ ಆದಾಯಕ್ಕೆ ಅಲ್ಲಿನ ತೆರಿಗೆ ಕಡಿತ ಅನ್ವಯಿಸಬಹುದು.

ವಾಟ್ಸ್‌ಆ್ಯಪ್ ಗುಂಪು, ಯೂಟ್ಯೂಬ್ ಚಾನೆಲ್, ವರ್ತಕರ ಸಂಘದ ಪರಿಚಯ, ಹೀಗೆ ಯಾವುದಾದರೊಂದು ಬಳಗ ಈಗಾಗಲೇ ಇರುವವರಿಗೆ ಯುಡೆಮಿಯನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ವಿಡಿಯೊ ಇಡುವ ಜಾಗ, ಹಣ ಪಡೆಯುವ ವ್ಯವಸ್ಥೆ, ಪ್ರಶ್ನೋತ್ತರ ಇವೆಲ್ಲ 3 ಪ್ರತಿಶತಕ್ಕೆ ಬೇರೆಡೆ ಸಿಗುವುದು ಕಷ್ಟ. ಬಳಗವಿಲ್ಲದವರು ಮೊದಲು ಒಂದೆರಡು ಪಾಠಗಳನ್ನು ಯೂಟ್ಯೂಬಿನಲ್ಲಿ ಹಾಕಿ ಯಾರು ಕೇಳುತ್ತಾರೆ, ಏನು ಕೇಳುತ್ತಾರೆ ಎಂದು ನೋಡಲಿ. ಯುಡೆಮಿಯ ಒಪ್ಪಂದ ನಮ್ಮ ಪಾಠವನ್ನು ಅಲ್ಲಿಗಷ್ಟೇ ಕಟ್ಟಿಹಾಕುವುದಿಲ್ಲ, ಹಾಗಾಗಿ ಅದೇ ಪಾಠಗಳನ್ನು ಬೇರೆ ಕಡೆಯೂ ಮಾರಲು ಅಡ್ಡಿಯಿಲ್ಲ.